ಕಂಬಳಿ ಬಿಟ್ಟು ಏಳದ ಆವಲಪ್ಪ

ನಲ್ಲೂರಿನ ಆವಲಪ್ಪನವರನ್ನು ಪೆದ್ದರೆಂದು ಹೇಳುವವರು ಊರಲ್ಲಿ ಬಹಳ ಮಂದಿ ಇದ್ದರು. ಅವರ ಹೆಂಡತಿ ವರಲಕ್ಷ್ಮಮ್ಮನವರೂ ಆ ಪೈಕಿ ಒಬ್ಬರು. ಅವರದು ಅನುಭವದ ಮಾತಾದ್ದರಿಂದ ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ನ್ಯಾಯ ಹೇಳಲು ಕೂತವನು ನ್ಯಾಯ ಹೇಳಿಯೇ ಏಳಬೇಕೆಂಬ ವಿಷಯದಲ್ಲಿ ಆವಲಪ್ಪನವರ ಸಮ ಬರುವಂಥವರು ಆ ಕಾಲದ ಮೈಸೂರು ಸಂಸ್ಥಾನದ ಯಾವ ಕಚೇರಿಯಲ್ಲೂ ಇರಲಿಲ್ಲವೆಂದು ನಾನು ಯಾರೆದುರಿಗೆ ಬೇಕಾದರೂ ಹೇಳುತ್ತೇನೆ.

ಎಲ್ಲಕ್ಕೂ ಮೂಲ ಒಂದು ಬೀದಿಗೂಳಿ. ಅದು ಯಾರದೋ ಹೊಲ ಮೇಯ್ದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಬೇಕೆಂದು ಆವಲಪ್ಪನವರಿಗೆ ಕೋರ್ಟಿನಿಂದ ಸಮನ್ಸು ಬಂತು. ಅವರು ಒಗೆದ ಪಂಚೆ ಉಟ್ಟು, ಪೇಟ ಸುತ್ತಿ, ಬೆಳಗಿನಿಂದ ಸಂಜೆಯವರೆಗೆ ಕೋರ್ಟಿನ ಜಗಲಿಯ ಮೇಲೆ ಕಾದರು. ಅವರನ್ನು ಯಾರೂ ಕೂಗಲಿಲ್ಲ. ಆದರೆ ಒಳಗೆ ವಕೀಲರು ಆಡುತ್ತಿದ್ದ ಮಾತನ್ನೆಲ್ಲ ಕಿಟಕಿಯಿಂದ ಕೇಳಿಸಿಕೊಂಡು, ಊರಿಗೆ ಬರುವ ಹೊತ್ತಿಗೆ ಅವರು ಬೇರೆಯೇ ಮನುಷ್ಯರಾಗಿದ್ದರು.

ಅಂದು ರಾತ್ರಿ ಊಟಕ್ಕೆ ಕೂತವರು, “ಸದರಿ ಮುದ್ದೆಗೆ ಸದರಿ ಸಾರು ಸಾಲದು” ಎಂದರು. ವರಲಕ್ಷ್ಮಮ್ಮನವರು ಗಂಡನಿಗೆ ಗಾಳಿ ಸೋಕಿದೆಯೆಂದು ಹೆದರಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಪ್ರಯೋಜನವಾಗಲಿಲ್ಲ. ಮಾರನೆಯ ದಿನದಿಂದ ಆವಲಪ್ಪನವರು ಕಂಡಕಂಡದ್ದಕ್ಕೆಲ್ಲ ವಾಯಿದೆ ಹಾಕತೊಡಗಿದರು. ಕಾವು ಕೂತ ಕೋಳಿಗೆ ವಾಯಿದೆ, ಬೇಲಿ ಕಟ್ಟುವ ಬೈರಣ್ಣನಿಗೆ ವಾಯಿದೆ, ನೆಂಟರಿಗೆ ಬಂದ ದಿನವೇ ಹೊರಡುವ ವಾಯಿದೆ. ಈ ಕೊನೆಯದೊಂದು ಮಾತ್ರ ಊರಿನವರಿಗೆಲ್ಲ ಮೆಚ್ಚುಗೆಯಾಯಿತು.

ಹೀಗಿರುವಾಗ ಮುನಿತಾಯಮ್ಮ ಒಂದು ಕೆಲಸ ಹೇಳಿಕೊಂಡು ಅವರ ಮನೆಗೆ ಬಂದಳು. ಪಕ್ಕದ ಬೀದಿಯವಳು. ಗಂಡ ಹೋದ ಮೇಲೆ ಒಬ್ಬಳೇ ಹಿಪ್ಪುನೇರಳೆ ಬೆಳೆದು, ನಡುಮನೆಯಲ್ಲಿ ರೇಷ್ಮೆಹುಳು ಸಾಕಿ, ಯಾರ ಹಂಗಿಗೂ ಬೀಳದೆ ಬಾಳುತ್ತಿದ್ದ ಹೆಂಗಸು. ಅವಳ ಗೂಡನ್ನು ಪ್ರತಿಸಲವೂ ಕೊಳ್ಳುತ್ತಿದ್ದವನು ದೇವನಹಳ್ಳಿಯಲ್ಲಿ ನೂಲು ಬಿಚ್ಚುವ ಚರಕ ಇಟ್ಟಿದ್ದ ಗೋಪಾಲಪ್ಪ. ಅವನು ವರಲಕ್ಷ್ಮಮ್ಮನವರ ಒಡಹುಟ್ಟಿದ ತಮ್ಮ, ಅಂದರೆ ಆವಲಪ್ಪನವರ ಭಾವಮೈದ. ಜರ್ಮನಿಯವರ ಯುದ್ಧ ಮುಗಿದು ಜಪಾನಿನವರದು ಇನ್ನೂ ನಡೆಯುತ್ತಿದ್ದ ದಿನಗಳು. ಸಿಪಾಯಿಗಳು ಆಕಾಶದಿಂದ ಇಳಿಯುವ ಕೊಡೆಗೆ ರೇಷ್ಮೆ ಬೇಕೆಂದು ಗೂಡಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು.

“ಆವಲಣ್ಣ, ನಿನ್ ಭಾವಮೈದ ಈ ಬೆಳೆ ಬೇರೆಯೋರ್ಗೆ ಕೊಡಬ್ಯಾಡ ಅಂತಾನೆ. ಈಗ್ಲೇ ದರ ಮಾತಾಡಿ ಕಾಗದ ಮಾಡ್ಕೊಳವಾ ಅಂತಾನೆ. ನೀನೇ ಒಂದು ಕಾಗದ ಬರ್ಕೊಡು” ಎಂದಳು ಮುನಿತಾಯಮ್ಮ.

ಆವಲಪ್ಪನವರು ಕಣ್ಣು ಮುಚ್ಚಿದರು. ಬಹುಕಾಲ ತಪಸ್ಸು ಮಾಡಿದವನಿಗೆ ದೇವರು ಬಾಗಿಲು ತಟ್ಟಿದ ಗಳಿಗೆ ಅದು. ಛಾಪಾಕಾಗದ ತಂದು, ಮಸಿ ಕಲಸಿ, ಮೂರು ದಿನ ಬರೆದರು. ಬೆಲ್ಲ ಕಟ್ಟಿಬಂದಿದ್ದ ಕಾಗದವೊಂದರಲ್ಲಿ ಯಾವುದೋ ರಸ್ತೆ ಗುತ್ತಿಗೆಯ ಷರತ್ತುಗಳು ಅಚ್ಚಾಗಿದ್ದವು. ಬೆಲ್ಲದ ಅಂಟು ಹತ್ತದ ಕಡೆಯಲ್ಲಿ ಇದ್ದುದನ್ನೆಲ್ಲ ಹಾಗೇ ಇಳಿಸಿದರು. ಹುಳು ಗೂಡು ಕಟ್ಟಿ ಮುಗಿಸಿದ ಮೇಲೆ ಬರುವ ಸೋಮವಾರ ಹೊತ್ತು ಮುಳುಗುವುದರೊಳಗೆ ಗೂಡು ಕೈ ಬದಲಾಯಿಸತಕ್ಕದ್ದು, ತಪ್ಪಿದಲ್ಲಿ ತಪ್ಪಿದವರೇ ಹೊಣೆ. ಗೂಡು ಹಸಿಯಾಗಿಯೇ ಇರತಕ್ಕದ್ದು, ಬಿಸಿಲಿಗೆ ಹಾಕಿದ್ದಾಗಲಿ ಹಬೆಗೆ ಹಿಡಿದದ್ದಾಗಲಿ ನಡೆಯದು. ಹಿಂದಿನ ರೂಢಿ ಪದ್ಧತಿಗಳೆಲ್ಲ ಈ ಕರಾರಿನಿಂದ ರದ್ದು. ತಕರಾರು ಬಂದಲ್ಲಿ ಆವಲಪ್ಪನವರೇ ಮಧ್ಯಸ್ಥರು.

ಕೊನೆಗೆ ತಮ್ಮ ತಾತನ ಕಾಲದ ಪಂಚಾಯ್ತಿಯನ್ನು ನೆನೆದು ಒಂದು ಷರತ್ತನ್ನು ಸ್ವಂತವಾಗಿ ಸೇರಿಸಿದರು. ಹಳೆಯವರು ಕರಿಕಂಬಳಿ ಹಾಸಿ ಕೂತರೆ ತೀರ್ಮಾನವಾಗದೆ ಏಳುತ್ತಿರಲಿಲ್ಲವಂತೆ. “ಮಧ್ಯಸ್ಥನು ಕಂಬಳಿಯ ಮೇಲೆ ಕೂತ ತರುವಾಯ ತೀರ್ಪು ಹೇಳದೆ ಎದ್ದು ನಿಂತಲ್ಲಿ ಸದರಿ ಕರಾರು ಆ ಕ್ಷಣಕ್ಕೇ ರದ್ದಾದಂತೆ ಭಾವಿಸತಕ್ಕದ್ದು” ಎಂದು ಬರೆದು, ಓದಿಕೊಂಡು, ತಮ್ಮ ಬರವಣಿಗೆಗೆ ತಾವೇ ಕಣ್ಣಲ್ಲಿ ನೀರು ತಂದುಕೊಂಡರು. ಗೋಪಾಲಪ್ಪ ರುಜು ಮಾಡಿದ. ಮುನಿತಾಯಮ್ಮ ಹೆಬ್ಬೆಟ್ಟು ಒತ್ತಿದಳು.

ಹುಳುಗಳು ಸೊಪ್ಪು ತಿಂದು ಹಣ್ಣಾಗಿ ಗೂಡು ಕಟ್ಟಲು ಚಂದ್ರಂಕಿಯ ಬಿದಿರುತಟ್ಟೆ ಏರುವ ಹೊತ್ತಿಗೆ ಜಪಾನಿನವರೂ ಶರಣಾದರು. ಲೋಕವೆಲ್ಲ ಸಂತೋಷಪಟ್ಟಿತು. ಗೋಪಾಲಪ್ಪ ಮಾತ್ರ ಎರಡು ದಿನ ಊಟ ಬಿಟ್ಟ. ಗೂಡಿನ ದರ ನೆಲ ಕಚ್ಚಿತ್ತು. ಸುತ್ತಮುತ್ತಲಿನ ಚರಕದವರೆಲ್ಲ ಒಲೆ ಆರಿಸಿ ಕೂತಿದ್ದರು. ಕರಾರಿನ ದರಕ್ಕೆ ಕೊಂಡರೆ ಅವನ ಲಾಭವೆಲ್ಲ ಹೊಗೆಯಾಗುತ್ತಿತ್ತು.

ಸೋಮವಾರ ಬಂತು. ಮುನಿತಾಯಮ್ಮ ಗೂಡು ಬಿಡಿಸಿ ಮಂಕರಿಗೆ ತುಂಬಿ, ಹೊಸಲಿನಲ್ಲಿ ಕೂತು ಗೋಪಾಲಪ್ಪನ ದಾರಿ ಕಾದಳು. ಯಾವಾಗಲೂ ಕೊಳ್ಳುವವನೇ ಬಂದು ಹೊತ್ತುಕೊಂಡು ಹೋಗುತ್ತಿದ್ದುದು. ಅತ್ತ ಗೋಪಾಲಪ್ಪ ದೇವನಹಳ್ಳಿಯ ತನ್ನ ಜಗಲಿಯ ಮೇಲೆ ಕಾಲು ಮಡಿಚಿ ಕೂತು ಮುನಿತಾಯಮ್ಮನ ದಾರಿ ಕಾದ. ಹೊತ್ತು ಇಬ್ಬರಿಗೂ ಒಟ್ಟಿಗೇ ಮುಳುಗಿತು.

ಆಗ ಬೆಳಕಿಗೆ ಬಂದದ್ದು ಇಷ್ಟು: ಗೂಡು ಯಾವಾಗ ಕೈ ಬದಲಾಯಿಸಬೇಕು, ಹೇಗಿರಬೇಕು, ಎಷ್ಟು ತೂಗಬೇಕು ಎಂಬುದನ್ನೆಲ್ಲ ಬರೆದಿದ್ದ ಆವಲಪ್ಪನವರು, ಯಾರು ಯಾರ ಮನೆಗೆ ಹೋಗಬೇಕೆಂಬುದನ್ನು ಬರೆದಿರಲಿಲ್ಲ. ರೂಢಿಯಿದೆಯಲ್ಲ ಎಂದರೆ, ರೂಢಿಯನ್ನು ಅವರೇ ರದ್ದು ಮಾಡಿದ್ದರು.

ಬುಧವಾರ ಬೆಳಿಗ್ಗೆ ಹುಣಸೆ ತೋಪಿನಲ್ಲಿ ಪಂಚಾಯ್ತಿ ಸೇರಿತು. ಬೈರಣ್ಣ ತನ್ನ ಹೊಸ ಕರಿಕಂಬಳಿಯನ್ನು ಮಧ್ಯಾಹ್ನಕ್ಕೆ ವಾಪಸು ಕೊಡಬೇಕೆಂಬ ಮಾತಿನ ಮೇಲೆ ಕೊಟ್ಟಿದ್ದ. ಆವಲಪ್ಪನವರು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

“ವಾಯಿದೆ ಮುಗೀತು, ಕರಾರು ಮುಗೀತು ಭಾವ. ಗೂಡು ತರ್ಲಿಲ್ಲ, ನಾನು ತಗೊಳಲ್ಲ” ಎಂದ ಗೋಪಾಲಪ್ಪ.

“ನಾನ್ಯಾಕಪ್ಪಾ ತರ್ಲಿ? ಒಂದು ದಿನಾನಾದ್ರೂ ತಂದಿದ್ನಾ?” ಎಂದಳು ಮುನಿತಾಯಮ್ಮ. ಆಮೇಲೆ ಮಧ್ಯಸ್ಥರ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದಳು: “ಆವಲಣ್ಣ, ಶುಕ್ರವಾರ ಬೆಳಕು ಹರಿಯೋ ಹೊತ್ತಿಗೆ ಚಿಟ್ಟೆ ಹೊರಕ್ಕೆ ಬರ್ತದೆ. ತೂತು ಬಿದ್ದ ಗೂಡ್ನಾಗೆ ಎಳೆ ಬರಾಕಿಲ್ಲ. ಈ ಬೆಳೆ ಹೋದ್ರೆ ತೋಟ ಬೇರೆಯೋರ ಕೈಗೆ ಹೋಯ್ತದೆ. ನಾನು ತಂಗಿ ಮನೆ ಸೇರಿ ಅವ್ಳ ಅತ್ತೆ ಕೈಯಾಗೆ ಅನ್ನಿಸ್ಕೊಂಡು ಬಿದ್ದಿರಬೇಕು.”

ಹಬೆಗೆ ಹಿಡಿದು ಹುಳು ಕೊಂದರೆ ಗೂಡು ಉಳಿಯುತ್ತಿತ್ತು. ಆದರೆ ಹಬೆಗೆ ಹಿಡಿದದ್ದು ಕರಾರಿನ ಗೂಡಲ್ಲ. ಅದನ್ನೂ ಬರೆದವರು ಆವಲಪ್ಪನವರೇ. ಮುನಿತಾಯಮ್ಮನ ಪರ ಹೇಳಿದರೆ ಕರಾರಿನಲ್ಲಿ ಇಲ್ಲದ್ದನ್ನು ಹೇಳಿದಂತೆ. ಗೋಪಾಲಪ್ಪನ ಪರ ಹೇಳಿದರೆ ಹೆಂಡತಿಯ ಕಡೆಯವನಿಗೆ ಹೇಳಿದಂತೆ, ಮೇಲಾಗಿ ಅನ್ಯಾಯ. ಹೇಳದೆ ಎದ್ದರೆ ಕರಾರೇ ಇಲ್ಲ. ಹಾಗಾಗಿ ಅವರು ಕೂತರು. ಮಧ್ಯಾಹ್ನವಾಯಿತು, ಬೈರಣ್ಣ ಬಂದು ಕಂಬಳಿಯ ಅಂಚನ್ನು ಮುಟ್ಟಿ ನೋಡಿಕೊಂಡು ಹೋದ. ಅವರು ಕೂತೇ ಇದ್ದರು.

ಗೋಪಾಲಪ್ಪ ಚುರುಕು ಬುದ್ಧಿಯವನು. ಭಾವ ಒಂದು ಸಲ ಎದ್ದು ನಿಂತರೆ ಸಾಕು, ತನ್ನ ಕೆಲಸವಾಯಿತೆಂದು ಅವನಿಗೆ ಹೊಳೆಯಿತು. ಓಡಿ ಬಂದು, “ಭಾವ, ನಿಮ್ಮೆಮ್ಮೆ ಹಗ್ಗ ಕಿತ್ಕೊಂಡು ಕೆರೆ ಕಡೆ ಹೋಯ್ತಾ ಐತೆ!” ಎಂದು ಕೂಗಿದ.

ಆವಲಪ್ಪನವರು ಅಲುಗಲಿಲ್ಲ. “ಸದರಿ ಎಮ್ಮೆ ಹೊತ್ತು ಮುಳುಗೋದ್ರೊಳಗೆ ತಾನಾಗೇ ಮನೆಗೆ ಹಾಜರಾಗತಕ್ಕದ್ದು” ಎಂದರು.

ಎಮ್ಮೆ ಹಾಜರಾಯಿತು. ದಿನವೂ ಆ ಹೊತ್ತಿಗೆ ಅದು ತಾನಾಗಿಯೇ ಬರುತ್ತಿತ್ತೆಂಬುದು ಎಲ್ಲರಿಗೂ ಗೊತ್ತಿದ್ದರೂ, ಅಂದು ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕರಿಬ್ಬರು ಕೈಮುಗಿದರೆಂದೂ ಹೇಳುತ್ತಾರೆ.

ಗೋಪಾಲಪ್ಪ ಆಮೇಲೆ ಅಕ್ಕನನ್ನು ಕರೆದುಕೊಂಡು ಬಂದ. ವರಲಕ್ಷ್ಮಮ್ಮನವರು ಕೈಯಲ್ಲಿ ಸೌಟು ಹಿಡಿದೇ ಬಂದರು. “ಏನು, ಮುದ್ದೆ ಆರೋಗ್ತಾ ಐತೆ, ಏಳಾಕಿಲ್ವಾ? ನನ್ ತಮ್ಮನ ಕುತ್ತಿಗೆ ಕುಯ್ಯಾಕೆ ಕೂತಿದ್ದೀರಾ? ಅವ್ನಿಗೇನಾರ ಅನ್ಯಾಯ ಆದ್ರೆ ಈ ಜನ್ಮದಾಗೆ ನಿಮಗೆ ಹಿಟ್ಟು ಬೇಯಿಸಾಕಿಲ್ಲ ನಾನು!”

“ಮಧ್ಯಸ್ಥನಿಗೆ ಹೆಂಡ್ತಿ ಇರೋದಿಲ್ಲ” ಎಂದರು ಆವಲಪ್ಪನವರು. ಕೋರ್ಟಿನಲ್ಲಿ ಜಡ್ಜಿಗೆ ನೆಂಟರಿರುವುದಿಲ್ಲವೆಂದು ಯಾರೋ ವಕೀಲರು ಹೇಳಿದ್ದನ್ನು ಅವರು ತಮಗೆ ಹೊಂದಿಸಿಕೊಂಡದ್ದು. ವರಲಕ್ಷ್ಮಮ್ಮನವರು ಸೌಟನ್ನು ನೆಲಕ್ಕೆ ಕುಕ್ಕಿ ಹೋದರು. ಸ್ವಲ್ಪ ಹೊತ್ತಿಗೆ ಮುದ್ದೆಯನ್ನು ಎಲೆಯಲ್ಲಿ ಕಟ್ಟಿ ಕಳಿಸಿಕೊಟ್ಟರು, ಅದು ಬೇರೆ ಮಾತು.

ಮಬ್ಬುಗತ್ತಲಾಗುವ ಹೊತ್ತಿಗೆ ಇನ್ನೊಂದು ಸಂಕಟ ಬಂತು. ಮನುಷ್ಯ ಎಂಥ ದೊಡ್ಡ ಮಧ್ಯಸ್ಥನಾದರೂ ಬೇಲಿಯ ಹಿಂದಕ್ಕೆ ಹೋಗಲೇಬೇಕಾದ ಹೊತ್ತು ಒಂದಿರುತ್ತದೆ. ಆವಲಪ್ಪನವರ ಮುಖ ಕೆಂಪಾಯಿತು, ಆಮೇಲೆ ನೀಲಿಯಾಯಿತು. ಬೈರಣ್ಣನಿಗೆ ತನ್ನ ಕಂಬಳಿಯ ಚಿಂತೆ ಹತ್ತಿಕೊಂಡಿತು. ಅವನೇ ಇನ್ನು ಮೂವರನ್ನು ಕರೆದು, ಕಂಬಳಿಯ ನಾಲ್ಕು ಮೂಲೆ ಹಿಡಿದು, ಮಧ್ಯಸ್ಥರನ್ನು ಕೂತ ಹಾಗೇ ಎತ್ತಿಕೊಂಡು ಹೋಗಿ, ಹಾಗೇ ತಂದು ಇಳಿಸಿದ. ಹೆಂಗಸರು ದೇವರ ಉತ್ಸವಕ್ಕೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದು ನಿಂತರು.

ಆ ರಾತ್ರಿ ಅವರು ಅಲ್ಲೇ ಕೂತರು. ನಲ್ಲೂರಿನ ಹುಣಸೆ ತೋಪು ಯಾವ ಕಾಲದ್ದೋ ಯಾರಿಗೂ ಗೊತ್ತಿಲ್ಲ. ಕತ್ತಲಾದ ಮೇಲೆ ಅದರ ಕೆಳಗೆ ಹೋಗುವ ಗಂಡು ಆ ಊರಲ್ಲಿ ಹುಟ್ಟಿರಲಿಲ್ಲ. ಆವಲಪ್ಪನವರೂ ಧೈರ್ಯಸ್ಥರಲ್ಲ, ಹಲ್ಲಿ ಲೊಚಗುಟ್ಟಿದರೆ ಹೊದಿಕೆ ಎಳೆದುಕೊಳ್ಳುವ ಆಸಾಮಿ. ನಡುಗುತ್ತಲೇ ಕೂತರು, ಆದರೆ ಕೂತರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಈ ಒಂದು ಕಾರಣಕ್ಕೆ.

ಗುರುವಾರ ಬೆಳಿಗ್ಗೆ ರೈತರು ಸರ್ಕಾರಕ್ಕೆ ಅಳೆಯಬೇಕಾದ ಲೆವಿ ರಾಗಿಯ ವಿಚಾರಣೆಗೆಂದು ಅಮಲ್ದಾರರು ಹೇಳದೆ ಕೇಳದೆ ಜಟಕಾದಲ್ಲಿ ಬಂದಿಳಿದರು. ತೋಪಿನಲ್ಲಿದ್ದವರೆಲ್ಲ ದಡಬಡನೆ ಎದ್ದರು. ಪಟೇಲ ವೆಂಕಟರಾಮಪ್ಪನವರು ಎದ್ದ ರಭಸಕ್ಕೆ ಅವರ ಪೇಟ ಬಿತ್ತು. ತಾಲ್ಲೂಕಿಗೆ ತಾಲ್ಲೂಕೇ ಎದ್ದು ನಿಲ್ಲುವಂಥ ಅಧಿಕಾರಿಯ ಮುಂದೆ ಒಬ್ಬ ಮನುಷ್ಯ ಕಂಬಳಿಯ ಮೇಲೆ ಕೂತೇ ಇದ್ದ.

“ಏಳಿ ಭಾವ, ಅಮಲ್ದಾರ್ರು! ಜೈಲಿಗೆ ಹಾಕ್ತಾರೆ, ಏಳಿ!” ಎಂದ ಗೋಪಾಲಪ್ಪ. ಅವನ ಮುಖದಲ್ಲಿ ಹಬ್ಬದ ಕಳೆಯಿತ್ತು.

ಆವಲಪ್ಪನವರು ಕೂತಲ್ಲೇ ಬಗ್ಗಿ, ಹಣೆಯನ್ನು ಕಂಬಳಿಗೆ ಮುಟ್ಟಿಸಿ ನಮಸ್ಕಾರ ಮಾಡಿದರು. ಏಳಲಿಲ್ಲ.

“ಯಾರಯ್ಯಾ ಇವನು? ಕಾಲಿಲ್ಲವೇನು?” ಎಂದು ಅಮಲ್ದಾರರು ಗುಡುಗಿದರು.

“ಕಾಲೈತೆ ಸ್ವಾಮಿ, ಆದ್ರೆ... ಕರಾರೈತೆ” ಎಂದರು ಪಟೇಲರು, ಪೇಟ ಸುತ್ತಿಕೊಳ್ಳುತ್ತ.

ಕಾಗದ ತರಿಸಿ ಅಮಲ್ದಾರರು ಮೊದಲಿಂದ ಕೊನೆಯವರೆಗೆ ಓದಿದರು. ನಡುನಡುವೆ ಅವರ ಮೀಸೆ ಅಲುಗಿತು. “ಇದನ್ನು ಬರೆದ ವಕೀಲರು ಯಾರು?”

“ನಾನೇ ಮಹಾಸ್ವಾಮಿ.”

“ಎಲ್ಲಿವರೆಗೆ ಓದಿದ್ದೀಯ?”

“ಮೂರನೇ ಕ್ಲಾಸು, ಸ್ವಾಮಿ. ಅದನ್ನೇ ಎರಡು ವರ್ಷ ಓದಿದೆ.”

ಗೋಪಾಲಪ್ಪ ಇದೇ ಸಮಯವೆಂದು ಮುಂದೆ ಬಂದ. “ಸ್ವಾಮಿ, ಇವ್ರು ಎದ್ದದ್ದಾಯ್ತು. ನೆನ್ನೆ ಸಂಜೆ ಕಂಬಳಿ ಸಮೇತ ಬೇಲಿ ಹಿಂದಕ್ಕೆ ಹೊತ್ಕೊಂಡೋದ್ರು. ಕರಾರು ಆವಾಗ್ಲೇ ರದ್ದಾಗೋಯ್ತು.”

ಅಮಲ್ದಾರರು ಗಂಭೀರವಾಗಿ ಬೈರಣ್ಣನನ್ನು ಕರೆದರು. “ಹೊತ್ತವನು ನೀನೇನಯ್ಯಾ? ಹೋಗುವಾಗ ಇವನು ಎದ್ದು ನಿಂತನೇ?”

“ಇಲ್ಲ ಸ್ವಾಮಿ, ಕೂತಿದ್ರು.”

“ಬರುವಾಗ?”

“ಬರೋವಾಗ್ಲೂ ಕೂತಿದ್ರು.”

“ನಡುವೆ?”

ಬೈರಣ್ಣ ತಲೆ ಕೆರೆದುಕೊಂಡ. “ನಡುವೆನೂ ಕೂತೇ ಇದ್ರು ಸ್ವಾಮಿ. ಕೂತ್ಕೊಂಡೇ ಮಾಡೋ ಕೆಲ್ಸ ಅದು.”

ತೋಪು ನಕ್ಕಿತು. ಅಮಲ್ದಾರರೂ ನಕ್ಕರು. ಆಮೇಲೆ ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಹೇಳಿದರು: “ಪಟೇಲರೇ, ಈ ಕರಾರು ಹೀಗೆ ಬರೆಯಬಾರದಿತ್ತು. ಆದರೆ ಕೇಳಿ, ಮಧ್ಯಸ್ಥಿಕೆಗೆ ಒಪ್ಪಿ ವಾಯಿದೆ ಕಳೆಯುವವರೆಗೂ ಬಾಯಿ ಬಿಡದೆ ಜಾರಿಕೊಂಡ ದೊಡ್ಡ ಮನುಷ್ಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವಾಯಿದೆಗೆ ಮೈಯೊಡ್ಡಿ ಕೂತವನನ್ನು ನೋಡಿರಲಿಲ್ಲ. ಇವನನ್ನು ಯಾರೂ ಎಬ್ಬಿಸಕೂಡದು.” ಹೀಗೆಂದು ರಾಗಿ ನೋಡಲು ಹೋದರು. ಹೋಗುವಾಗ ಕಂಬಳಿಯನ್ನು ತುಳಿಯದೆ ಸುತ್ತಿ ಬಳಸಿ ಹೋದರು.

ಜನ ಆವಲಪ್ಪನವರನ್ನು ನೋಡುವ ಕಣ್ಣೇ ಬೇರೆಯಾಯಿತು. ಆದರೆ ಅವರಿಗೆ ತೀರ್ಪು ಇನ್ನೂ ಹೊಳೆದಿರಲಿಲ್ಲ. ಕಾಲುಗಳು ತಮ್ಮವೆಂಬ ನೆನಪೂ ಹೋಗಿತ್ತು. ಆಗ ಮುನಿತಾಯಮ್ಮ ಒಂದು ಗೂಡನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು. ಅದರ ತುದಿ ಒಂದಿಷ್ಟು ತೇವವಾಗಿತ್ತು. ಒಳಗಿನ ಚಿಟ್ಟೆ ಹೊರಡುವ ಸಿದ್ಧತೆ ನಡೆಸಿತ್ತು.

“ಇದೊಂದು ಮುಂಚೇನೇ ಹಣ್ಣಾದ ಹುಳ. ಮಿಕ್ಕಿದ್ದೆಲ್ಲ ನಾಳೆ ಬೆಳಿಗ್ಗೆಗೆ” ಎಂದಳು. “ಆವಲಣ್ಣ, ನೀನು ಎದ್ಬಿಡು. ನನಗೋಸ್ಕರ ಕಾಲು ಕಳ್ಕೋಬ್ಯಾಡ. ನೀನು ಮೋಸ ಮಾಡ್ಲಿಲ್ಲ ಅಂತ ನನಗೆ ಗೊತ್ತು, ಅಷ್ಟು ಸಾಕು.”

ಬೈಗುಳಕ್ಕೆ ಅಲುಗದವರು, ಅಮಲ್ದಾರರಿಗೆ ಅಲುಗದವರು, ಈ ಮಾತಿಗೆ ಅಲುಗಿದರು. ಸದರಿ ಗಿದರಿ ಎಲ್ಲ ಮರೆತು, ಊರಿನ ಮಾತಿನಲ್ಲೇ ತೀರ್ಪು ಹೇಳಿದರು.

“ಸೋಮವಾರ ಇಬ್ರೂ ಕಾದ್ರು. ಕಾದೋರು ಯಾರೂ ತಪ್ಪಿದೋರಲ್ಲ. ತಪ್ಪಿದೋನು ನಾನು. ಯಾರು ಹೊರಬೇಕು ಅನ್ನೋದ ಬರೀದೆ ಬಿಟ್ಟೋನು ನಾನು. ಅದಕ್ಕೆ ಹೊರೋನೂ ನಾನೇ. ಇವತ್ತು ಹೊತ್ತು ಮುಳುಗೋದ್ರೊಳಗೆ ಗೂಡು ಗೋಪಾಲಪ್ಪನ ಕೈಗೆ ಸೇರಿದ್ರೆ ಕರಾರು ನಿಂತಂಗೆ. ಸೇರದಿದ್ರೆ ಮುರಿದಂಗೆ. ಇದೇ ನನ್ ತೀರ್ಮಾನ.”

ಹೀಗೆ ಹೇಳಿ, ಎಷ್ಟೋ ಹೊತ್ತಿನ ಮೇಲೆ ಎದ್ದು ನಿಂತರು. ನಿಂತದ್ದು ಒಂದೇ ಗಳಿಗೆ. ಜೋಮು ಹಿಡಿದ ಕಾಲು ಮಡಿಚಿಕೊಂಡು, ಮುಖ ಅಡಿಯಾಗಿ ಬಿದ್ದರು. ಮತ್ತೆ ಎದ್ದರು, ಮತ್ತೆ ಬಿದ್ದರು.

ಗೋಪಾಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ನೀವು ಹೊತ್ರೆ ಆಯ್ತು ಬಿಡಿ! ಇನ್ಯಾರಾನ ಹೊತ್ರೂ ಅಷ್ಟೇ. ನನ್ ಕೈಗೆ ಸೇರಬೇಕು ತಾನೆ? ನನ್ ಕೈ ನನ್ ಬೆನ್ನಿಂದೆ ಕಟ್ಕೊಂಡು ಕೂತಿರ್ತೀನಿ. ಹೊತ್ತು ಮುಳುಗ್ಲಿ ನೋಡವಾ.” ಸೈಕಲ್ಲು ಹತ್ತಿ ದೇವನಹಳ್ಳಿ ಕಡೆ ತುಳಿದ. ತೀರ್ಪಿನಲ್ಲೂ ಒಂದು ತೂತು ಉಳಿದಿದ್ದುದನ್ನು ಕಂಡು ಊರಿನವರೆಲ್ಲ ತಲೆಯ ಮೇಲೆ ಕೈಹೊತ್ತರು.

ವರಲಕ್ಷ್ಮಮ್ಮನವರು ಮರದ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಬಂದು ಗಂಡನ ಮುಖದ ಮಣ್ಣನ್ನು ಸೆರಗಿನಿಂದ ಒರೆಸಿದರು. “ಇವ್ರು ಬಿದ್ದಿದ್ದ ನೋಡಿ ನಗ್ತಾನಾ ಅವ್ನು?” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಸೆರಗು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು, “ಮುನಿತಾಯಿ, ದೊಡ್ಡ ಮಂಕರಿ ಎತ್ತಿ ನನ್ ತಲೆ ಮ್ಯಾಲಿಡು. ಇವ್ರ ಹೊರೆ ನಾನು ಹೊರ್ತೀನಿ. ಮಿಕ್ಕಿದ್ದ ನೀನು ಹೊತ್ಕೊಂಡು ನನ್ ಹಿಂದೆ ಬಾ” ಎಂದರು.

ಹೊತ್ತು ಇಳಿಮುಖವಾಗಿದ್ದಾಗ ಇಬ್ಬರು ಹೆಂಗಸರು ದೇವನಹಳ್ಳಿಯ ಬೀದಿಗೆ ಬಂದರು. ನಲ್ಲೂರಿನ ಅರ್ಧ ಜನ ಹಿಂದೆ ಇತ್ತು. ಗೋಪಾಲಪ್ಪ ಹೇಳಿದಂತೆಯೇ ಜಗಲಿಯ ಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಿದ್ದ. ಯಾರು ಬಂದರೂ ಕೈ ಬಿಚ್ಚುವುದಿಲ್ಲವೆಂದು ಎದುರುಮನೆಯವರ ಹತ್ತಿರ ಪಂಥವನ್ನೂ ಕಟ್ಟಿದ್ದ. ಬಂದವರು ಯಾರೆಂದು ನೋಡಿ ಕೂತಲ್ಲೇ ನೆಟ್ಟಗಾದ.

ವರಲಕ್ಷ್ಮಮ್ಮನವರು ಹೊಸಲಿನ ಮುಂದೆ ನಿಂತರು. ಕರಾರಿನ ಮಾತು ಎತ್ತಲಿಲ್ಲ, ಬೈಯಲಿಲ್ಲ. ತಲೆಯ ಮೇಲೆ ಹೊರೆ, ಹಣೆಯ ಮೇಲೆ ಬೆವರು, ಕಾಲ ತುಂಬ ದಾರಿಯ ಧೂಳು. “ಗೋಪಾಲ, ಕುತ್ತಿಗೆ ನೋಯ್ತಾ ಐತೆ ಕಣಪ್ಪಾ” ಎಂದರು, ಅಷ್ಟೇ.

ಅವನು ಅತ್ತ ಇತ್ತ ನೋಡಿದ. ಬೀದಿಯ ಬಾಗಿಲುಗಳಲ್ಲೆಲ್ಲ ಜನ. ತವರಿನ ಬಾಗಿಲಿಗೆ ತಲೆಹೊರೆ ಹೊತ್ತು ಬಂದು ನಿಂತ ಹೆಣ್ಣುಮಗಳ ಹೊರೆ ಇಳಿಸದವನಿಗೆ ಆಮೇಲೆ ಯಾವ ಮನೆಯ ಮದುವೆಯಲ್ಲೂ ಎಲೆ ಹಾಕುವುದಿಲ್ಲ. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾವ ಆವಲಪ್ಪನಿಂದಲೂ ರದ್ದು ಮಾಡುವುದಕ್ಕೂ ಆಗುವುದಿಲ್ಲ. ಆದರೆ ಅವನು ಅಷ್ಟೆಲ್ಲ ಯೋಚಿಸಿದನೆಂದು ನನಗೆ ಅನ್ನಿಸುವುದಿಲ್ಲ. ಅಕ್ಕನ ಕುತ್ತಿಗೆ ಒಂದು ಸಲ ನಡುಗಿತು. ಅವನ ಕೈಗಳು ಬೆನ್ನ ಹಿಂದಿನಿಂದ ತಾವಾಗಿಯೇ ಬಂದು, ಮಂಕರಿಯನ್ನು ಎರಡು ಬದಿಯಲ್ಲೂ ಹಿಡಿದು, ಮೆತ್ತಗೆ ಕೆಳಗಿಳಿಸಿದವು.

ಇಳಿಸಿದ ಮೇಲೆ ತನ್ನ ಕೈಗಳನ್ನು ನೋಡಿಕೊಂಡ. ಪಡುವಣದಲ್ಲಿ ಹೊತ್ತು ಇನ್ನೂ ಒಂದು ಮಾರು ಮೇಲಿತ್ತು. ಮುನಿತಾಯಮ್ಮನ ತಲೆಯ ಮಂಕರಿಯನ್ನೂ ಅವನೇ ಇಳಿಸಿದ. ಅವಳು ಜಗಲಿಯ ಕಂಬಕ್ಕೆ ಒರಗಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಒಳಕ್ಕೆ ಬಾಕ್ಕಾ,” ಎಂದ ಗೋಪಾಲಪ್ಪ, ಸಣ್ಣ ದನಿಯಲ್ಲಿ. “ಊಟ ಮಾಡ್ಕೊಂಡು ಹೋಗೀವಂತೆ.”

“ಮೊದ್ಲು ಚರಕದೊಲೆ ಹಚ್ಚೋಗು, ಚಿಟ್ಟೆ ಕಾಯಾಕಿಲ್ಲ” ಎಂದರು ವರಲಕ್ಷ್ಮಮ್ಮನವರು, ಸಿಂಬಿ ಬಿಚ್ಚಿ ಸೆರಗು ಕೊಡವುತ್ತ. “ನಾನು ಹೋಯ್ತೀನಿ. ಮನ್ಯಾಗೆ ನ್ಯಾಯ ಹೇಳ್ದೋರು ಹಸ್ಕೊಂಡವ್ರೆ.”